ಹನ್ನೆರಡು ಪಣದ ಮಾತು

ಹೋದ ವರ್ಷ ಒಂದು ಗುರುವಾರ, ನಮ್ಮ ಟೀಮಿನ ವಾರದ ಮೀಟಿಂಗ್‌ನಲ್ಲಿ ನಾನೊಂದು ಮಾತು ಅಂದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗನೊಬ್ಬ ತಾನು ಬರೆದ ಕೋಡ್ ತೋರಿಸುತ್ತಿದ್ದ. ಹತ್ತು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಇನ್ನೂರು ಸಾಲು ಬರೆದಿದ್ದಾನೆ ಅಂತ ನನಗನ್ನಿಸಿತು. ನಗುತ್ತಾ, "ಅದ್ಭುತ ಕಣಯ್ಯಾ, ಇದನ್ನ ಮ್ಯೂಸಿಯಂನಲ್ಲಿ ಇಡಬೇಕು" ಅಂದೆ. ಇದ್ದ ಎಂಟು ಜನ ನಕ್ಕರು. ಅವನೂ ನಕ್ಕ.

ಸಂಜೆ ಕಾಫಿ ಮೆಷಿನ್ ಹತ್ತಿರ ಸಿಕ್ಕಾಗ ಅವನ ಮುಖ ಸಪ್ಪಗಿತ್ತು. "ಅಯ್ಯೋ, ಅದೊಂದು ಕಾಮೆಂಟ್ ಅಷ್ಟೇ, ಸೀರಿಯಸ್ಸಾಗಿ ತಗೋಬೇಡ" ಅಂದೆ. ಅವನು ಲೋಟ ನೋಡುತ್ತಲೇ ಹೇಳಿದ: "ತಪ್ಪಾಗಿದೆ ಅಂತ ನೇರವಾಗಿ ಹೇಳಿದ್ರೆ ಬೇಜಾರಿರ್ತಿರ್ಲಿಲ್ಲ ಸರ್. ನೀವು ಹೊಗಳಿದ್ರಲ್ಲ, ಅದಕ್ಕೆ ಬೇಜಾರು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಟ್ರಾಫಿಕ್ಕಿನಲ್ಲಿ ಕೂತು ಅದನ್ನೇ ಯೋಚಿಸಿದೆ. ನಾನು ಅಂದದ್ದಕ್ಕೆ 'ಕಾಮೆಂಟ್' ಅನ್ನೋದು ಸರಿಯಾದ ಹೆಸರೇ? ಕನ್ನಡದಲ್ಲಿ ಅದಕ್ಕೆ ಎಷ್ಟೊಂದು ಹೆಸರುಗಳಿವೆ: ಕೊಂಕು, ಕಟಕಿ, ಕುಹಕ, ಲೇವಡಿ, ಗೇಲಿ, ಅಣಕ, ಮೂದಲಿಕೆ, ಚುಚ್ಚುಮಾತು. ಒಂದೊಂದರ ತೂಕವೂ ಬೇರೆ. ನನ್ನ ಅಜ್ಜಿ ಯಾವುದಾದರೂ ಮದುವೆ ಮುಗಿಸಿ ಬಂದರೆ, ಯಾರು ಏನಂದರು ಅನ್ನೋದನ್ನ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿಡುತ್ತಿದ್ದಳು. "ಅವಳು ಕೇಳಿದ್ದಲ್ಲ ಕಣೋ, ಕೆಣಕಿದ್ದು." "ಅವನದ್ದು ಬರೀ ಗೊಣಗಾಟ, ಬಿಡು. ಇವಳದ್ದು ಮಾತ್ರ ಕೊಂಕು." ಗೊಣಗಿದವರ ಮನೆಗೆ ಅವಳು ಮತ್ತೆ ಹೋಗುತ್ತಿದ್ದಳು. ಕೊಂಕು ಆಡಿದವರ ಮನೆಗೆ ಹೋಗುತ್ತಿರಲಿಲ್ಲ. ಅಂದರೆ ಹೆಸರಿಡೋದು ಅವಳಿಗೆ ಬರೀ ಪದಸಂಪತ್ತಿನ ವಿಷಯ ಆಗಿರಲಿಲ್ಲ. ಯಾವುದಕ್ಕೆ ಏನು ಶಿಕ್ಷೆ ಅನ್ನೋದೂ ಆ ಹೆಸರಿನಲ್ಲೇ ತೀರ್ಮಾನ ಆಗುತ್ತಿತ್ತು.

ಈ ಕೆಲಸವನ್ನ ಅಜ್ಜಿಗಿಂತ ಎರಡು ಸಾವಿರ ವರ್ಷ ಮುಂಚೆ ಇನ್ನೊಬ್ಬರು ಮಾಡಿದ್ದರು. ಅದು ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ.

1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಅದನ್ನು ಓದಿ, ಇದು ಕಳೆದೇಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದವರು ಅಲ್ಲಿ ಕೆಲಸ ಮಾಡುತ್ತಿದ್ದ ಆರ್. ಶಾಮಶಾಸ್ತ್ರಿ. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅರ್ಥಶಾಸ್ತ್ರ ಅಂದರೆ ನಮಗೆ ಗೂಢಚಾರರು, ತೆರಿಗೆ, ಯುದ್ಧ ನೆನಪಾಗುತ್ತೆ. ಅದರಲ್ಲಿ 'ವಾಕ್ಪಾರುಷ್ಯ' ಅಂತ ಒಂದು ಭಾಗ ಇದೆ. ಮಾತಿನ ಒರಟುತನ, ಅಂದರೆ ಬಾಯಲ್ಲಿ ಮಾಡುವ ಹಲ್ಲೆ. ಅದಕ್ಕೆ ರೇಟ್ ಕಾರ್ಡ್ ಇದೆ.

ಮೊದಲು ಅವನು ಬಿರುಸು ಮಾತನ್ನು ಮೂರು ಭಾಗ ಮಾಡುತ್ತಾನೆ: ಹಳಿಯುವುದು, ಹೀನಾಯವಾಗಿ ಬೈಯುವುದು, ಬೆದರಿಸುವುದು. ಆಮೇಲೆ ಯಾವುದರ ಬಗ್ಗೆ ಹಳಿದದ್ದು ಅಂತ ನೋಡುತ್ತಾನೆ. ದೇಹವೇ, ಸ್ವಭಾವವೇ, ವಿದ್ಯೆಯೇ, ಕಸುಬೇ, ಊರೇ? ದೇಹದ ವಿಷಯಕ್ಕೆ ಬಂದಾಗ ಲೆಕ್ಕ ಹೀಗಿದೆ. ಕುಂಟನನ್ನು ಕುಂಟ ಅಂದರೆ, ಅಂದರೆ ಮಾತು ನಿಜವಾಗಿದ್ದರೂ, 3 ಪಣ ದಂಡ. ನೆಟ್ಟಗಿರುವವನನ್ನು ಕುಂಟ ಅಂತ ಸುಳ್ಳು ಹೇಳಿದರೆ 6 ಪಣ. ಕಣ್ಣು ಕಾಣದವನಿಗೆ "ಆಹಾ, ಏನು ಚೆಂದದ ಕಣ್ಣು ನಿಂದು" ಅಂತ ಹೊಗಳಿದರೆ 12 ಪಣ.

ಇದನ್ನ ಓದಿದಾಗ ನನಗೆ ಕಾಫಿ ಮೆಷಿನ್ ನೆನಪಾಯಿತು. ನಿಜ ಹೇಳಿ ನೋಯಿಸಿದವನಿಗಿಂತ ಹೊಗಳಿ ನೋಯಿಸಿದವನಿಗೆ ನಾಲ್ಕು ಪಟ್ಟು ದಂಡ. ಯಾಕೆ ಅಂತ ಕೌಟಿಲ್ಯ ವಿವರಿಸುವುದಿಲ್ಲ. ಯೋಚಿಸಿದರೆ ಗೊತ್ತಾಗುತ್ತೆ. ಬೈದರೆ ತಿರುಗಿಸಿ ಬೈಯಬಹುದು, ಸುಳ್ಳು ಹೇಳಿದರೆ ಸುಳ್ಳು ಅನ್ನಬಹುದು. ಹೊಗಳಿದರೆ ಏನು ಮಾಡೋದು? ಸುತ್ತ ಇದ್ದವರು ನಗುತ್ತಿರುವಾಗ ತಾನೂ ನಗಬೇಕು. ಅವಮಾನ ಆಗಿದ್ದೂ ಅವನಿಗೆ, ಅವಮಾನ ಆಗಿಲ್ಲ ಅಂತ ನಟಿಸಬೇಕಾದ್ದೂ ಅವನೇ.

ಅದೇ ಭಾಗದಲ್ಲಿ ಮುಂದೆ ಓದಿದರೆ ಖುಷಿ ಇಳಿಯುತ್ತೆ. ತನಗಿಂತ ಮೇಲಿನವರಿಗೆ ಅಂದರೆ ದಂಡ ದುಪ್ಪಟ್ಟು, ಕೆಳಗಿನವರಿಗೆ ಅಂದರೆ ಅರ್ಧ. ವರ್ಣದ ಏಣಿಯಲ್ಲಿ ಯಾರು ಯಾರಿಗೆ ಅಂದರು ಅನ್ನೋದರ ಮೇಲೆ ಪಣ ಏರುತ್ತೆ, ಇಳಿಯುತ್ತೆ. ಕೈತಪ್ಪಿನಿಂದಲೋ ಕುಡಿದ ಅಮಲಿನಲ್ಲೋ ಅಂದರೆ ಮತ್ತೆ ಅರ್ಧ. ಅಂದರೆ ನನ್ನ ಕೇಸಿನಲ್ಲಿ: 12 ಪಣ, ಜೂನಿಯರ್‌ಗೆ ಅಂದದ್ದರಿಂದ 6, "ತಮಾಷೆಗೆ ಅಂದೆ, ಗೊತ್ತಾಗಲಿಲ್ಲ" ಅಂತ ಹೇಳಿಕೊಂಡರೆ 3. ನಿಜ ಹೇಳಿದವನ ದಂಡಕ್ಕೇ ಬಂದು ನಿಂತೆ! ಎರಡು ಸಾವಿರ ವರ್ಷದ ಹಿಂದಿನ ಈ ಡಿಸ್ಕೌಂಟ್ ನಮ್ಮ ಆಫೀಸುಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಮ್ಯಾನೇಜರ್ ಅಂದರೆ 'ಹ್ಯೂಮರ್', ಹೊಸ ಹುಡುಗ ಅಂದರೆ 'ಆಟಿಟ್ಯೂಡ್'. ಆ ಎಂಟು ಜನ ನಕ್ಕದ್ದು ನನ್ನ ಜೋಕ್ ಚೆನ್ನಾಗಿತ್ತು ಅಂತಲ್ಲ ಅನ್ನೋದು ಈಗ ಹೊಳೆಯುತ್ತೆ.

ಕನ್ನಡದ ಹಳೆಯ ಕಾವ್ಯಗಳಲ್ಲಿ ಇದಕ್ಕೆ ಪೂರಾ ಉಲ್ಟಾ ಇರುವ ಒಂದು ಮಾತಿನ ಬಗೆ ಇದೆ: ಮೂದಲಿಕೆ. ಇವತ್ತು ಹಂಗಿಸೋದು, ಹೀಯಾಳಿಸೋದು ಅನ್ನೋ ಅರ್ಥದಲ್ಲಿ ಬಳಸುತ್ತೇವೆ. ಯುದ್ಧದ ಕಾವ್ಯಗಳಲ್ಲಿ ಅದು ಆಯುಧ. ವೀರನೊಬ್ಬ ಎದುರಾಳಿಯ ಹೆಸರು ಹಿಡಿದು ಕೂಗಿ, ಅವನು ಮಾಡಿದ್ದನ್ನೆಲ್ಲ ಎತ್ತಾಡಿ, ಬಾ ಹೊರಗೆ ಅನ್ನುವುದು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ಆ ಮಾತಿನ ಬಿಸಿಗೆ ನೀರೊಳಗಿದ್ದವನೂ ಬೆವರುತ್ತಾನೆ. ಸುಮಾರು ಸಾವಿರ ವರ್ಷದಿಂದ ಕನ್ನಡದ ಮೇಷ್ಟ್ರುಗಳು ಹೇಳಿಕೊಂಡು ಬಂದಿರುವ ಚಿತ್ರ ಅದು. ಗಮನಿಸಬೇಕಾದ್ದು ಏನಂದರೆ, ಭೀಮ ಅಂದದ್ದಕ್ಕೆ ದುರ್ಯೋಧನ ಎದ್ದು ಬಂದು ಉತ್ತರ ಕೊಡಬಹುದಿತ್ತು, ಕೊಟ್ಟ. ಕೈಯಲ್ಲಿ ಗದೆ ಇತ್ತು. ಮೂದಲಿಕೆಗೆ ಇಬ್ಬರು ಸಮಬಲರು ಬೇಕು, ಎದುರೆದುರು ನಿಲ್ಲಬೇಕು. ಬೆನ್ನ ಹಿಂದೆ ಆದರೆ ಅದು ಚಾಡಿ. ತಿರುಗಿ ಮಾತಾಡಲಾರದವನಿಗೆ ಆದರೆ ಅದು ಹಿಂಸೆ.

ಇನ್ನು ಕೆಲವು ಮಾತುಗಳ ಚರಿತ್ರೆ ಬೇರೆ ಥರ. ಒಳ್ಳೆ ಮನೆಯಲ್ಲಿ ಹುಟ್ಟಿ ಕೆಟ್ಟ ಬೀದಿಗೆ ಬಂದವು.

'ಟೀಕೆ' ತಗೊಳ್ಳಿ. "ಸುಮ್ಮನೆ ಟೀಕೆ ಮಾಡಬೇಡ" ಅಂದರೆ ತಪ್ಪು ಹುಡುಕಬೇಡ ಅಂತ. ಸಂಸ್ಕೃತದಲ್ಲಿ ಟೀಕಾ ಅಂದರೆ ವಿವರಣೆ. ಕಷ್ಟದ ಗ್ರಂಥವನ್ನು ಪದಪದವಾಗಿ ಬಿಡಿಸಿ ಓದುಗನ ಕೈಗಿಡುವ ಕೆಲಸ. ಮಧ್ವಾಚಾರ್ಯರ ಗ್ರಂಥಗಳಿಗೆ ಹೀಗೆ ವಿವರಣೆ ಬರೆದ ಜಯತೀರ್ಥರಿಗೆ ಟೀಕಾಚಾರ್ಯರು ಅನ್ನೋದು ಗೌರವದ ಹೆಸರು. ಇವತ್ತು ಯಾರನ್ನಾದರೂ "ಟೀಕಾಚಾರ್ಯ" ಅಂದು ನೋಡಿ, ಎರಡು ದಿನ ಮಾತು ಬಿಡುತ್ತಾರೆ.

'ವ್ಯಂಗ್ಯ' ಇನ್ನೂ ಎತ್ತರದಿಂದ ಬಿದ್ದದ್ದು. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನ್ಯಾಲೋಕ ಬರೆದಾಗ, ವ್ಯಂಗ್ಯ ಅಂದರೆ ಮಾತು ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥ. ಒಳ್ಳೆಯ ಕಾವ್ಯದ ಜೀವ ಅದು. ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಓದಿದವರಿಗೆ ಇದು ಗೊತ್ತು. ಉಳಿದ ನಮಗೆ ವ್ಯಂಗ್ಯ ಅಂದರೆ ಒಂದು ಹುಬ್ಬು ಮೇಲೇರಿಸಿ ಆಡುವ ಮಾತು. ಆನಂದವರ್ಧನನ ಆಮೇಲೆ ಬಂದ ಕುಂತಕ 'ವಕ್ರೋಕ್ತಿ'ಯೇ ಕಾವ್ಯದ ಪ್ರಾಣ ಅಂದ. ವಕ್ರೋಕ್ತಿ ಅಂದರೆ ಬಾಗಿದ ಮಾತು. ಅದನ್ನೇ ಅಚ್ಚಗನ್ನಡದಲ್ಲಿ ಹೇಳಿದರೆ ಕೊಂಕು ನುಡಿ! ಪಂಡಿತರ ಮನೆಯಲ್ಲಿ ಅದು ಅಲಂಕಾರ, ನನ್ನ ಅಜ್ಜಿಯ ಮನೆಯಲ್ಲಿ ಅಪರಾಧ. ಇಬ್ಬರೂ ಸರಿಯೇ. ಬಾಗಿದ ಮಾತಿಗೆ ಜಾಣತನ ಬೇಕು. ಆ ಜಾಣತನವನ್ನ ಯಾರ ಮೇಲೆ ಖರ್ಚು ಮಾಡುತ್ತೀವಿ ಅನ್ನೋದು ಬೇರೆ ಪ್ರಶ್ನೆ.

ಮೂರನೆಯ ಗುಂಪು ಕುದುರೆ ಏರಿ ಬಂದದ್ದು. ಬಹಮನಿ, ಆದಿಲ್‌ಶಾಹಿ, ಮರಾಠ, ಹೈದರ್–ಟಿಪ್ಪು ಆಡಳಿತಗಳ ಕಚೇರಿಗಳಿಂದ ಅರಬಿ, ಫಾರಸಿ ಮಾತುಗಳು ಕನ್ನಡಕ್ಕೆ ಬಂದು, ಈಗ ಹೊರಗಿನವು ಅಂತ ಅನ್ನಿಸದಷ್ಟು ನಮ್ಮವಾಗಿವೆ. 'ಸವಾಲು' ಅರಬಿಯಲ್ಲಿ ಬರೀ ಪ್ರಶ್ನೆ. ಕನ್ನಡಕ್ಕೆ ಬಂದು ಪಂಥ ಆಯಿತು, ಕೋರ್ಟಿನಲ್ಲಿ ಪಾಟೀಸವಾಲು ಆಯಿತು. 'ತಕರಾರು' ಅಂದರೆ ಅರಬಿಯಲ್ಲಿ ಮತ್ತೆ ಮತ್ತೆ ಹೇಳುವುದು. ಹೇಳಿದ್ದನ್ನೇ ಹೇಳಿದರೆ ಕೊನೆಗೆ ಜಗಳವೇ ಅಂತ ನಮ್ಮವರು ತೀರ್ಮಾನಿಸಿರಬೇಕು. 'ಸಬೂಬಿ'ನ ಮೂಲದಲ್ಲಿರುವುದು ಕಾರಣ ಅನ್ನುವ ಅರ್ಥ. ಇಲ್ಲಿಗೆ ಬಂದ ಮೇಲೆ ನಂಬಲಾಗದ ಕಾರಣ. 'ಫಿರ್ಯಾದು' ಅಂದರೆ ಫಾರಸಿಯಲ್ಲಿ ಮೊರೆ, ಕೂಗು. ಇವತ್ತು ಪೊಲೀಸ್ ಸ್ಟೇಷನ್ನಿನಲ್ಲಿ ಕೊಡುವ ಟೈಪ್ ಮಾಡಿದ ಹಾಳೆ.

ಒಂದು ಮಾತ್ರ ಮೇಲಕ್ಕೆ ಹತ್ತಿತು. 'ಜವಾಬು' ಅಂದರೆ ಉತ್ತರ. ಉತ್ತರ ಕೊಡಬೇಕಾದವನು ಜವಾಬ್ದಾರ, ಆ ಭಾರ ಜವಾಬ್ದಾರಿ. ನಮ್ಮ ಮೀಟಿಂಗ್‌ಗಳಲ್ಲಿ ದಿನಕ್ಕೆ ಹತ್ತು ಸಲ ಬರುವ ಈ ಪದದ ಒಳಗೆ, ಕೇಳಿದರೆ ಬಾಯಿಬಿಟ್ಟು ಉತ್ತರ ಕೊಡುವವನು ಅನ್ನುವ ಅರ್ಥ ಇದೆ.

ಆಡಿದ್ದಕ್ಕೆ ಉತ್ತರ ಕೊಡಬೇಕು ಅನ್ನೋದು ಇಲ್ಲಿ ಹೊಸದಲ್ಲ. ಕನ್ನಡದಲ್ಲಿ ಮಾತು, ನುಡಿ, ಭಾಷೆ, ವಚನ ಎಲ್ಲವೂ ಕೊಡುವ ವಸ್ತುಗಳು. ಮಾತು ಕೊಟ್ಟೆ, ಭಾಷೆ ಕೊಟ್ಟೆ, ವಚನ ಕೊಟ್ಟೆ. ಕೊಟ್ಟ ಮೇಲೆ ಅದು ಇನ್ನೊಬ್ಬರದ್ದು. ವಿಜಯನಗರದ ಅರಸರ ಬಿರುದುಗಳಲ್ಲಿ ಒಂದು 'ಭಾಷೆಗೆ ತಪ್ಪುವ ರಾಯರ ಗಂಡ'. ಕೊಟ್ಟ ಮಾತಿಗೆ ತಪ್ಪುವ ರಾಜರಿಗೆ ಯಮ, ಅಂತ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಬುಕ್ಕರಾಯ 1368ರಲ್ಲಿ ರಾಜಿ ಮಾಡಿಸಿದ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ನಡುವೆ ಭೇದವಿಲ್ಲ ಅಂತ ಹೇಳಿದ್ದನ್ನ ಶ್ರವಣಬೆಳಗೊಳದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ. ಆ ಶಾಸನದಲ್ಲಿ ರಾಜನ ಹೆಸರಿನ ಮುಂದೆ ಇದೇ ಬಿರುದಿದೆ. ರಾಜಿ ಮಾಡಿಸುವವನಿಗೆ ಇದಕ್ಕಿಂತ ಒಳ್ಳೆ ವಿಸಿಟಿಂಗ್ ಕಾರ್ಡ್ ಇರಲಿಕ್ಕಿಲ್ಲ.

ಅದಕ್ಕೆ ಇನ್ನೂರು ವರ್ಷ ಮುಂಚೆ, ಕಲ್ಯಾಣದಲ್ಲಿ, 'ವಚನ' ಅನ್ನುವ ಪದಕ್ಕೆ ಇನ್ನೊಂದು ಬದುಕು ಸಿಕ್ಕಿತ್ತು. ವಚನ ಅಂದರೆ ಆಡಿದ ಮಾತು, ಅಷ್ಟೇ. ದೋಣಿ ನಡೆಸುವವನು, ಅಕ್ಕಿ ಆಯುವವಳು, ಕಾಯಕ ಮಾಡುವ ಯಾರು ಆಡಿದರೂ ಅದು ವಚನ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. ಗಂಡ ಮಾರಯ್ಯ ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೊಂದು ಆಸೆ ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಅಂದವಳು. ಅದಕ್ಕೆ ಏನಂತ ಹೆಸರಿಡೋಣ? ಬೈಗುಳ ಅಲ್ಲ, ಕೊಂಕು ಅಲ್ಲ, ಗೊಣಗಾಟವಂತೂ ಅಲ್ಲ. ಇವತ್ತಿನ ಆಫೀಸಿನ ಭಾಷೆಯಲ್ಲಿ 'ಫೀಡ್‌ಬ್ಯಾಕ್' ಅಂದರೆ ನಿಜವಾಗಿ ಹೀಗಿರಬೇಕು: ಏನು ತಪ್ಪು, ಏನು ಮಾಡಬೇಕು, ಎರಡೂ ಸೇರಿ ಒಂದೇ ಉಸಿರಿನಲ್ಲಿ, ನೇರವಾಗಿ ಅವನಿಗೇ.

ವಚನಕ್ಕೆ ವ್ಯಾಕರಣದಲ್ಲಿ ಇನ್ನೊಂದು ಕೆಲಸ ಇದೆ: ಏಕವಚನ, ಬಹುವಚನ. ಶಾಲೆಯಲ್ಲಿ ಅದು ಎಣಿಕೆ, ಬೀದಿಯಲ್ಲಿ ಮರ್ಯಾದೆ. "ಏಕವಚನದಲ್ಲಿ ಮಾತಾಡಬೇಡ" ಅಂತ ಇಬ್ಬರು ಗಂಡಸರು ಬಸ್ಸಿನಲ್ಲಿ ಕಾಲರ್ ಹಿಡಿದುಕೊಳ್ಳುವ ದೇಶ ನಮ್ಮದು. ಎಪ್ಪತ್ತರ ಮುದುಕನಿಗೆ ಹತ್ತು ವರ್ಷದ ಹುಡುಗ ಏಕವಚನದಲ್ಲಿ ಕೂಗುತ್ತಿದ್ದದ್ದೂ ಇದೇ ದೇಶದಲ್ಲಿ. ಆ ಮುದುಕ ಯಾವ ಕೇರಿಯವನು ಅನ್ನೋದರ ಮೇಲೆ ಅದು ನಿಂತಿತ್ತು. ಅಲ್ಲಿ ಬೈಗುಳದ ಅಗತ್ಯವೇ ಇರಲಿಲ್ಲ, ಒಂದು ಕ್ರಿಯಾಪದದ ಬಾಲ ಸಾಕಾಗುತ್ತಿತ್ತು. ನಾನು ಆ ಹುಡುಗನಿಗೆ "ಕಣಯ್ಯಾ" ಅಂದೆ, ಅವನು ನನಗೆ "ನೀವು" ಅಂದ. ಬರೆಯುವಾಗ ಮಾತ್ರ ಇದು ನನ್ನ ಕಣ್ಣಿಗೆ ಬಿತ್ತು.

ಮಾತು ಮತ್ತು ಟೀಕೆ ಎರಡೂ ಒಟ್ಟಿಗೆ ಕಾಣಬೇಕು ಅಂದರೆ ಭರತ ಹುಣ್ಣಿಮೆ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಉಪವಾಸ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗುತ್ತಾನೆ. ಸೇರಿದ ಜನಸಾಗರ ಉಸಿರು ಬಿಗಿಹಿಡಿಯುತ್ತೆ. ಒಂದೇ ಒಂದು ವಾಕ್ಯ ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ಅದು ಕಾರಣಿಕ. ಮರುದಿನದಿಂದ ಮಳೆ, ಬೆಳೆ, ಸರ್ಕಾರ, ಎಲ್ಲಕ್ಕೂ ಅದನ್ನ ಅನ್ವಯಿಸಿ ಟೀಕೆ ಶುರು. ಇಲ್ಲಿ ಟೀಕೆ ಅನ್ನೋದು ಹಳೆಯ ಅರ್ಥದಲ್ಲಿ, ಬಿಡಿಸಿ ಹೇಳೋದು. ಒಬ್ಬನ ಒಂದು ಸಾಲಿಗೆ ಒಂದು ನಾಡಿನ ವರ್ಷದ ವ್ಯಾಖ್ಯಾನ. ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿ ಕೇಳಿಸಿಕೊಂಡ ಮೇಲಷ್ಟೇ ಆ ವ್ಯಾಖ್ಯಾನ ಹುಟ್ಟುತ್ತೆ ಅನ್ನೋದು ನನಗೆ ಇಷ್ಟ.

ಕನ್ನಡ ಕ್ರಿಯಾಪದಗಳಲ್ಲೂ ಈ ಲೆಕ್ಕಾಚಾರ ಕೂತಿದೆ. 'ಆಡು' ಅಂದರೆ ಮಾತಾಡು. ಅದಕ್ಕೆ 'ಕೊಳ್ಳು' ಸೇರಿಸಿ: "ಊರಲ್ಲಿ ಆಡಿಕೊಳ್ತಾರೆ." 'ಅನ್ನು' ಸಾದಾ ಪದ. "ಅನ್ನಿಸಿಕೊಂಡೆ" ಅಂದರೆ ಬೈಸಿಕೊಂಡೆ. "ಮಾತು ಬಂತು" ಅಂತ ಮಗುವಿನ ಬಗ್ಗೆ ಹೇಳಿದರೆ ಸಂತೋಷ, ಸೊಸೆ ಬಗ್ಗೆ ಹೇಳಿದರೆ ಅಳು. "ಮಾತು ಕೇಳು" ಅಂದರೆ ಕಿವಿಯ ಕೆಲಸ ಅಲ್ಲ, ವಿಧೇಯತೆ. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ನಿಘಂಟು ತಂದ ಫರ್ಡಿನೆಂಡ್ ಕಿಟ್ಟೆಲ್, ಪದಗಳ ಅರ್ಥದ ಜೊತೆ ಗಾದೆಗಳನ್ನೂ ಕೊಟ್ಟ. ಮಾತಿನ ಬಗ್ಗೆ ನಮ್ಮ ಗಾದೆಗಳಿಗೇನು ಬರ? ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.

ಇಷ್ಟೆಲ್ಲ ಬಗೆಗಳನ್ನ ಇವತ್ತಿನ ಕಾನೂನು ಎಣಿಸುವುದಿಲ್ಲ, ಎಣಿಸಲಿಕ್ಕೂ ಆಗದು. 1860ರ ದಂಡ ಸಂಹಿತೆಯಲ್ಲಿ 504ನೇ ಕಲಂ ಇತ್ತು: ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶದ ಅವಮಾನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 352 ಆಗಿದೆ. ನಮ್ಮ ಪೊಲೀಸ್ ದೂರುಗಳಲ್ಲಿ ಬರುವ ವಾಕ್ಯ ಒಂದೇ: "ಅವಾಚ್ಯ ಶಬ್ದಗಳಿಂದ ನಿಂದಿಸಿ..." ಅವಾಚ್ಯ ಅಂದರೆ ನುಡಿಯಬಾರದ್ದು. ನುಡಿದವನು ನುಡಿದಾಗಿದೆ, ಬರೆಯುವವರಿಗೆ ಬರೆಯಲು ಬಾರದು. ಆದರೂ ಒಂದು ಕಡೆ ಕಾನೂನು ಕೌಟಿಲ್ಯನ ಲೆಕ್ಕವನ್ನ ತಲೆಕೆಳಗು ಮಾಡಿತು. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, ಆ ಸಮುದಾಯದವರನ್ನು ಸಾರ್ವಜನಿಕರ ಕಣ್ಣೆದುರು ಬೇಕಂತಲೇ ಅವಮಾನಿಸುವುದನ್ನ ಪ್ರತ್ಯೇಕ ಅಪರಾಧ ಮಾಡಿತು. ಏಣಿಯ ಕೆಳಗೆ ನಿಲ್ಲಿಸಲ್ಪಟ್ಟವರಿಗೆ ಅಂದ ಮಾತಿಗೆ ಎರಡು ಸಾವಿರ ವರ್ಷ ಅರ್ಧ ದಂಡ, ಈಗ ಹೆಚ್ಚು ದಂಡ. ಡಿಸ್ಕೌಂಟ್ ರದ್ದಾಯಿತು, ಕೊನೆಗೆ ಕಾಗದದ ಮೇಲಾದರೂ.

ಆಫೀಸಿನ ಮೀಟಿಂಗ್ ರೂಮಿಗೆ ಅಂಥ ಕಾನೂನು ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಅಲ್ಲಿ ಹೆಸರಿಡುವ ಕೆಲಸ ನಮ್ಮದೇ. 'ಕಾಮೆಂಟ್' ಅನ್ನೋ ಪದದ ಅನುಕೂಲ ಏನಂದರೆ ಅದಕ್ಕೆ ಬಣ್ಣ ಇಲ್ಲ, ತೂಕ ಇಲ್ಲ. ಟೀಕೆ, ಕೊಂಕು, ಬುದ್ಧಿಮಾತು, ಗೇಲಿ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಗಂಟು ಕಟ್ಟಬಹುದು. ಅಂದವನಿಗೆ ಅದರಿಂದ ಲಾಭ. ಅನ್ನಿಸಿಕೊಂಡವನಿಗೆ ತನಗೆ ಆದದ್ದು ಏನು ಅಂತ ಹೇಳಲು ಪದವೇ ಸಿಗೋದಿಲ್ಲ. ಆ ಹುಡುಗ ಪದ ಇಲ್ಲದೆಯೂ ಹೇಳಿದ, ಅದು ಅವನ ದೊಡ್ಡತನ.

ಮುಂದಿನ ಗುರುವಾರ ಅದೇ ಎಂಟು ಜನ ಕೂತಿದ್ದಾಗ ನಾನು ಹೇಳಿದೆ: "ಹೋದ ವಾರ ನಾನು ಆಡಿದ್ದು ಕಾಮೆಂಟ್ ಅಲ್ಲ, ಕೊಂಕು. ತಪ್ಪಾಯಿತು." ಒಂದು ಕ್ಷಣ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಒಬ್ಬರು ಲ್ಯಾಪ್‌ಟಾಪ್ ತೆರೆದರು. ಅವನು "ಪರವಾಗಿಲ್ಲ ಸರ್" ಅಂದ. ಆಮೇಲೆ, "ಹತ್ತು ಸಾಲಿನಲ್ಲಿ ಹೇಗೆ ಬರೀಬೇಕು ಅಂತ ತೋರಿಸ್ತೀರಾ?" ಅಂತ ಕೇಳಿದ. ಅದು ಪ್ರಶ್ನೆಯೋ ಸವಾಲೋ ನನಗೆ ಈಗಲೂ ಗೊತ್ತಿಲ್ಲ.

ಎದ್ದು ಹೋಗಿ ಸ್ಕ್ರೀನ್ ಮುಂದೆ ನಿಂತು ಬರೆದೆ. ಹತ್ತು ಸಾಲಿನಲ್ಲಿ ಮುಗಿಯಲಿಲ್ಲ. ಅವನು ನೋಡಿಕೊಂಡಿದ್ದ ಎರಡು ಸಂದರ್ಭಗಳು ನನಗೆ ಹೊಳೆದೇ ಇರಲಿಲ್ಲ. ಎಲ್ಲ ಸೇರಿ ಅರವತ್ತನಾಲ್ಕು ಸಾಲಾಯಿತು. ಯಾರೂ ಏನೂ ಅನ್ನಲಿಲ್ಲ.